ಬೆನ್ನಿನ ಸ್ಯಾಂಪಲ್

ಬೆನ್ನುನೋವು ತಾಳಲಾರದೆ ಗಾರ್ಮೆಂಟ್ಸಿನ ಹುಡುಗಿಯರು ಒರಗುವ ಕುರ್ಚಿ ಕೇಳಿದರು. ಮ್ಯಾನೇಜರ್ ಶಿವನಂಜಪ್ಪನವರು ಟೇಪು ತರಿಸಿ ಎಲ್ಲರ ಎತ್ತರ, ಸೊಂಟ ಅಳೆಸಿದರು. ಕುರ್ಚಿಗೇ ಅಳತೆ ಎಂದುಕೊಂಡರೆ, ಆಮೇಲೆ ಕಟಿಂಗ್ ಟೇಬಲ್ ತೋರಿಸಿದರು.

"ಕುರ್ಚಿ ಆಮೇಲೆ, ಮೊದಲು ಬೆನ್ನಿನ ಪರೀಕ್ಷೆ. ಇದರ ಅಂಚಿನಲ್ಲಿ ಬೋರಲು ಮಲಗಿ, ಸೊಂಟದ ಮೇಲಿನ ಮೈಯನ್ನ ಗಾಳಿಯಲ್ಲಿ ನೆಟ್ಟಗೆ ಹಿಡೀಬೇಕು. ಈ ವಯಸ್ಸಿಗೆ ಅಷ್ಟೂ ಆಗದವಳು ಕೆಲಸ ಬಿಟ್ಟು ಹೋಗ್ಲಿ."

ಹುಡುಗಿಯರಲ್ಲೊಬ್ಬಳಾದ ಮಾದೇವಿಗೆ ಬೆಳಿಗ್ಗೆ ಕೊಡ ಎತ್ತಲೂ ಆಗಿರಲಿಲ್ಲ. ಅವಳು ಮೆಲ್ಲಗೆ ಅಂದಳು, "ಸ್ಯಾಂಪಲ್ ನೋಡದೆ ಹೊಲೀಬೇಡಿ ಅಂತ ನೀವೇ ಹೇಳೋದು ಸಾರ್. ಮೊದಲು ಒಂದು ಸ್ಯಾಂಪಲ್ ತೋರಿಸಿಬಿಡಿ."

ಮ್ಯಾನೇಜರು ಮೀಸೆ ತಿರುವಿ ಮಲಗಿದರು. ಉಸಿರು ಬಿಡುವಷ್ಟರಲ್ಲಿ ತಲೆ ನೇತುಬಿತ್ತು, ಸೊಂಟ ಹಿಡಿದುಕೊಂಡಿತು. ಅವರನ್ನು ಎತ್ತಿ ಕೂರಿಸಲು ಆ ನೊಂದ ಬೆನ್ನುಗಳೇ ಬಗ್ಗಬೇಕಾಯಿತು. ಪರೀಕ್ಷೆ ಅಲ್ಲಿಗೇ ನಿಂತಿತು.

ಮಾರನೇ ದಿನ ಒರಗುವ ಕುರ್ಚಿ ಬಂತು. ಒಂದೇ ಬಂತು, ಮ್ಯಾನೇಜರಿಗೆ.

"ಸ್ಯಾಂಪಲ್ ಪಾಸಾಯ್ತು ಕಣ್ರೇ. ಆರ್ಡರ್ ಯಾವಾಗ ಬರುತ್ತೋ," ಎಂದು ಮಾದೇವಿ ಮತ್ತೆ ಮಿಷನ್ನಿನ ಮೇಲೆ ಬಗ್ಗಿದಳು.