ಮೂರು ಜೊತೆ ಸವೆದ ಕೆರಗಳು

"ಅರಸರು ಸೋವಿದೇವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರು ಕೇಳಿದ್ದನ್ನು ಪಡೆಯುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ" ಎಂದು ಸಂಪಿಗೆಪಟ್ಟಣದಲ್ಲಿ ಡಂಗುರ ಸಾರಿದರು.

ಅರಸರು ಇಷ್ಟು ಕಠಿಣರಾಗಲು ಕಾರಣವಿತ್ತು, ಅದನ್ನು ಮೊದಲೇ ಹೇಳಬೇಕು. ಅವರ ತಾಯಿಗೂ ಚಿಕ್ಕಪ್ಪನಿಗೂ ಮೈ ಹೇಳಿದಂತೆ ಕೇಳುತ್ತಿರಲಿಲ್ಲ. ವೈದ್ಯರು ಏಳು ವರ್ಷದಿಂದ ಇಬ್ಬರಿಗೂ ಒಂದೇ ಕಷಾಯ ಕುಡಿಸುತ್ತಿದ್ದರು. ಇಬ್ಬರ ಕಷ್ಟವೂ ಒಂದೇ ಅಲ್ಲವೆಂದು ಅರಸರು ಹೇಳಿ ಹೇಳಿ ಸೋತಿದ್ದರು.

ಮೊದಲು ಆಸ್ಥಾನವೈದ್ಯ ನಂಜುಂಡ ಪಂಡಿತರು ಬಂದರು.

"ಒಂದು ಕೈ ಸುಮ್ಮನಿದ್ದಾಗ ನಡುಗುತ್ತದೆ, ಲೋಟ ಹಿಡಿದರೆ ನಿಲ್ಲುತ್ತದೆ. ಅದೇ ಮೈಯ ಕಾಲು ಬಯಲಲ್ಲಿ ನಡೆದು ಹೊಸ್ತಿಲಲ್ಲಿ ಅಂಟಿಕೊಳ್ಳುತ್ತದೆ. ಯಾರದು, ಏಕೆ?"

"ರಾಜಮಾತೆಯವರದು, ಪ್ರಭು. ವಯಸ್ಸಾದವರಿಗೆ ಭಯ ಹೆಚ್ಚು."

"ನಮ್ಮಮ್ಮ ಹುಲಿ ಬೇಟೆಯಾಡಿದವಳು, ಪಂಡಿತರೇ" ಎಂದ ಅರಸರು ಅವರನ್ನು ಸೆರೆಗೆ ಕಳಿಸಿದರು. ಶಿಕ್ಷೆ ಪರೀಕ್ಷೆ ಮುಗಿದ ಮೇಲೆ.

ದಳವಾಯಿ ಕೆಂಚರಾಯನಿಗೆ ಮೊದಲಿಗೇ ಎರಡನೆಯ ಒಗಟನ್ನು ಕೇಳಿದರು. "ನಡುಕವಿಲ್ಲ, ತೂರಾಟವಿಲ್ಲ. ಕತ್ತಿ ಎತ್ತಿದ ತೋಳು ಈಗ ತುತ್ತು ಎತ್ತಲಾರದು. ಯಾರು, ಏಕೆ?"

"ತಮ್ಮ ಚಿಕ್ಕಪ್ಪನವರು. ಯುದ್ಧ ನಿಂತು ಸೋಮಾರಿಯಾಗಿದ್ದಾರೆ." ಅವನೂ ಸೆರೆಗೆ ಹೋದ.

ಒಬ್ಬ ಪಾಳೆಗಾರನ ಮಗನಿಗೆ ಮೂರನೆಯದು. "ಮಡಿಲಲ್ಲಿ ಕೈ ಸ್ಥಿರ. ಲೋಟಕ್ಕೆ ಚಾಚಿದರೆ ಗುರಿ ತಪ್ಪುತ್ತದೆ. ಬಲವಿದೆ, ಆದರೆ ನಡಿಗೆ ತೂರಾಡುತ್ತದೆ. ಯಾರು, ಏಕೆ?"

"ಹೆಂಡ ಕುಡಿದವನು" ಎಂದು ಅವನು ನಕ್ಕ. ಅರಸರು ನಗಲಿಲ್ಲ, ಅವನನ್ನೂ ಸೆರೆಗೆ ಕಳಿಸಿದರು.

ಆಗ ದುರುಗ ಬಂದ. ಅವನು ಕೆರ ಹೊಲಿಯುವವನು. ಆ ಸಭೆಗೆ ಯಾರೇ ಬಂದರೂ ಕೆರವನ್ನು ಬಾಗಿಲಲ್ಲೇ ಬಿಡುವುದು ಪದ್ಧತಿ. ಅವರು ಒಳಗಿರುವಷ್ಟು ಹೊತ್ತು ದುರುಗ ಹೊರಗೆ ಕೂತು ಅಟ್ಟೆ ಸರಿಮಾಡುತ್ತಿದ್ದ. ಹಿಂದೆ ಅವನ ತಂಗಿಯ ಜ್ವರ ಬಿಡಿಸಿದ್ದ ಪಂಡಿತರ ತಲೆ ಈಗ ಹೋಗಲಿತ್ತು, ಅದಕ್ಕೇ ಬಾಗಿಲಿಂದ ಮೂರೂ ಒಗಟು ಕೇಳಿಸಿಕೊಂಡು ಒಳಗೆ ಬಂದ. ಅವನ ಬಟ್ಟೆಯ ಗಂಟಿನಲ್ಲಿ ಅರಮನೆಯಿಂದ ಹೊಲಿಗೆಗೆ ಬಂದಿದ್ದ ಮೂರು ಜೊತೆ ಕೆರಗಳಿದ್ದವು.

"ಕೆರ ಒಳಗೆ ತಂದೆಯಲ್ಲೋ" ಎಂದು ಮಂತ್ರಿ ಗದರಿದ.

"ಬಿಡಿ, ತೋರಿಸಲಿ" ಎಂದರು ಅರಸರು.

"ರಾಜಮಾತೆಯವರ ಕೆರ ಮುಂಭಾಗದಲ್ಲಷ್ಟೇ ಸವೆದಿದೆ, ಪ್ರಭು. ಚಿಕ್ಕ ಚಿಕ್ಕ ಹೆಜ್ಜೆ ಉಜ್ಜಿದ ಗುರುತು. ಮನಸ್ಸು ಹೊರಡು ಎಂದರೂ ಕಾಲಿಗೆ ಹೋಗುವ ಅಪ್ಪಣೆ ಹೊಸ್ತಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಇದು ಚಿಕ್ಕಪ್ಪನವರದು. ಎಡಗಾಲಿನ ತುದಿ ಮಾತ್ರ ಹರಿದಿದೆ. ಪಾದ ಎತ್ತಲಾಗದೆ ಎಳೆದಿದ್ದಾರೆ. ಅಪ್ಪಣೆ ಹೋಗುತ್ತದೆ, ನಡೆಸಿಕೊಡುವ ಮಾಂಸವೇ ಬತ್ತುತ್ತಿದೆ."

ಮೂರನೆಯ ಜೊತೆಯನ್ನು ಅವನು ಸಿಂಹಾಸನದ ಮುಂದೆ ಇಟ್ಟ.

"ಇದು ತಮ್ಮದು. ಎರಡು ವರ್ಷದಿಂದ ಪ್ರತಿ ವಾರ ಹೊಲಿಯುತ್ತಿದ್ದೇನೆ. ಒಂದು ವಾರವೂ ತಪ್ಪದೆ ಅಂಚುಗಳು ಅಡ್ಡಾದಿಡ್ಡಿ ಸವೆದಿರುತ್ತವೆ. ಕುಡಿದವನದು ಬೆಳಗಾದರೆ ಸರಿಹೋಗುತ್ತದೆ. ತಮಗೆ ಅಪ್ಪಣೆಯೂ ಇದೆ, ಬಲವೂ ಇದೆ. ಅಳತೆ ತಪ್ಪಿದೆ."

ಸಭೆ ತಲೆ ತಗ್ಗಿಸಿತು. ಎಲ್ಲರೂ ಅರಸರನ್ನು ಕುಡುಕರೆಂದೇ ಪಿಸುಗುಟ್ಟಿದ್ದರು.

"ಮೂರೂ ಸರಿ. ಹಾಗಾದರೆ ಗುಣಪಡಿಸು."

"ನನಗೆ ಬರುವುದಿಲ್ಲ, ಪ್ರಭು."

ಅರಸರು ಸಿಟ್ಟಿನಿಂದ ಸಿಂಹಾಸನದ ತೋಳಿಗೆ ಗುದ್ದಿದರು. ಮುಷ್ಟಿ ಗುರಿ ತಪ್ಪಿ ಗಾಳಿಯಲ್ಲಿ ಹೋಯಿತು. "ಗೊತ್ತಾಗಿ ಏನು ಬಂತು?"

"ಪಂಡಿತರು ಮೂವರಿಗೂ ಬೇರೆ ಬೇರೆ ಆರೈಕೆ ಮಾಡಬಹುದು. ಸೆರೆಯಲ್ಲಿರುವವರನ್ನು ಬಿಡಿಸಿ. ಅದೇ ನಾನು ಕೇಳುವುದು."

"ಬಿಡಿಸಿದೆ. ನಿನಗಾಗಿ ಏನೂ ಬೇಡವೇ?"

"ಒಂದು ಸುಣ್ಣದ ತುಂಡು."

ಸಭೆಗೆ ಹೊರಟಿದ್ದ ರಾಜಮಾತೆ ಒಳಬಾಗಿಲ ಹೊಸ್ತಿಲಲ್ಲಿ ಆಗಿನಿಂದಲೂ ಸಿಕ್ಕಿಕೊಂಡು ನಿಂತಿದ್ದರು. ದುರುಗ ಅವರ ಮುಂದೆ ನೆಲಕ್ಕೆ ಗೇಣಿಗೊಂದರಂತೆ ಅಡ್ಡಗೆರೆ ಎಳೆದ. "ಹೊಸ್ತಿಲು ಮರೆತುಬಿಡಿ, ತಾಯಿ. ಗೆರೆ ದಾಟಿ."

ಆಕೆ ಒಂದು ಗೆರೆ ದಾಟಿದರು, ಮತ್ತೊಂದು, ಮತ್ತೊಂದು. ಸಿಂಹಾಸನದ ಬಳಿ ನಿಂತು ಕೈ ಚಾಚಿದರು. ಅರಸರು ಅತ್ತ ಚಾಚಿದ ಕೈ ಎರಡು ಸಲ ತಪ್ಪಿತು. ಮೂರನೆಯ ಸಲ ತಾಯಿಯೇ ಅದನ್ನು ಹಿಡಿದರು. ಹಿಡಿದ ಮೇಲೆ ತಾಯಿಯ ಕೈ ನಡುಗಲಿಲ್ಲ.

"ಇಷ್ಟು ದಿನ ಮುಚ್ಚಿಟ್ಟೆಯಲ್ಲೋ" ಎಂದರು.

ದುರುಗನಿಗೆ ಅಂದಿನಿಂದ ಸಭೆಯ ಒಳಗೇ ಪೀಠ ಸಿಕ್ಕಿತು. ಅಲ್ಲಿ ಕೂತು ಅವನು ಮೊದಲು ಮಾಡಿದ್ದು ಅರಸರಿಗೆ ತೂರಾಡದಂತೆ ಅಗಲ ಅಟ್ಟೆಯ ಕೆರ.