ಚಿತ್ರದಲ್ಲಿ ಮೂವರು ಸೂಲಗಿತ್ತಿಯರು

"ಒಂದೇ ವಸ್ತುವನ್ನು ಒಂದೇ ಚಿತ್ರದಲ್ಲಿ ಮೂರು ಕಡೆ ಬರೆದರೆ ತಪ್ಪೇ, ಗುರುಗಳೇ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಮಠದಲ್ಲಿ ಯಾವ ಕೆಲಸಕ್ಕೆ ಯಾವುದು ಬೇಕು ಎಂಬುದನ್ನು ಅವನು ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದ. ಅಡುಗೆಮನೆ, ಕೊಟ್ಟಿಗೆ, ಪಾಠಶಾಲೆ, ಎಲ್ಲದರ ಗೆರೆಯೂ ಬಾವಿಗೇ ಹೋಗಿ ಸೇರುತ್ತಿತ್ತು. ಹಾಳೆ ಗೋಜಲಾಗಿತ್ತು. ಬಾವಿಯನ್ನು ಮೂರು ಕಡೆ ಬರೆದರೆ ಎಲ್ಲ ಸಲೀಸು ಎಂಬುದು ಅವನ ಎಣಿಕೆ.

ಗುರುಗಳು ಹಾಳೆಯನ್ನು ನೋಡಿದರು. "ಕೂತುಕೋ" ಎಂದು ಹೇಳಿ ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಕೈ ಒಳ್ಳೆಯದು, ಜಂಬವೂ ಅದಕ್ಕೆ ತಕ್ಕಷ್ಟಿತ್ತು. ಪಟ್ಟಣದ ಅಮಲ್ದಾರ ಅವನನ್ನು ಕರೆಸಿ, ಊರಿನ ಯಾವ ಮನೆ ಯಾವ ಕಸುಬಿನವರನ್ನು ನೆಚ್ಚಿಕೊಂಡಿದೆ ಎಂದು ಬರೆದು ತರಲು ಹೇಳಿದ. ಚಿತ್ರಗಾರ ಮನೆಗಳನ್ನು ಬರೆದ, ಕಮ್ಮಾರ ಕುಂಬಾರರನ್ನು ಬರೆದ, ಗೆರೆ ಎಳೆದ. ಅವೆಲ್ಲ ಹೇಗೋ ಹೊಂದಿಕೊಂಡವು. ಸೂಲಗಿತ್ತಿಯದೇ ತಲೆನೋವು. ಊರಿನ ಮೂರು ಕೇರಿಗೂ ಅವಳೊಬ್ಬಳೇ. ಅವಳು ಬೇಡದ ಮನೆಯೇ ಇಲ್ಲ. ಚಿತ್ರ ಸಿಕ್ಕುಬಿದ್ದ ನೂಲಿನಂತಾಯಿತು.

ಅಮಲ್ದಾರ ಅದನ್ನು ನೋಡಿ, ತಲೆಬುಡ ತಿಳಿಯುವುದಿಲ್ಲವೆಂದು ಹಿಂದಕ್ಕೆ ಎಸೆದ. ಚಿತ್ರಗಾರನಿಗೆ ಅವಮಾನವಾಯಿತು. ಮನೆಗೆ ಬಂದು ಹೊಸ ಬಟ್ಟೆ ಹಾಸಿ, ಕೇರಿಗೊಬ್ಬಳಂತೆ ಮೂರು ಕಡೆ ಸೂಲಗಿತ್ತಿಯನ್ನು ಬರೆದ. ಒಂದು ಗೆರೆಯೂ ಇನ್ನೊಂದನ್ನು ದಾಟಲಿಲ್ಲ. ಮೂವರೂ ಒಬ್ಬಳೇ ಎಂದು ಮಾತ್ರ ಎಲ್ಲಿಯೂ ಗುರುತು ಹಾಕಲಿಲ್ಲ. ಊರಿಗೆಲ್ಲ ಗೊತ್ತಿರುವುದನ್ನು ಬರೆದು ಅಂದ ಕೆಡಿಸುವುದೇಕೆ ಎಂದುಕೊಂಡ. ಅಮಲ್ದಾರ ಮೆಚ್ಚಿ ಶಾಲು ಹೊದಿಸಿದ.

ಕೆಲವು ತಿಂಗಳು ಕಳೆದವು. ದೂರದ ಗಡಿಹಳ್ಳಿಯವರು ತಮ್ಮಲ್ಲಿ ಸೂಲಗಿತ್ತಿಯಿಲ್ಲವೆಂದು ಅಮಲ್ದಾರನ ಮುಂದೆ ಗೋಳಾಡಿದರು. ಅವನು ಚಿತ್ರ ತರಿಸಿ ನೋಡಿದ. ಈ ಊರಿನಲ್ಲಿ ಮೂವರಿದ್ದಾರೆ, ಒಬ್ಬಳು ಹೋದರೆ ನಷ್ಟವೇನು? ಆಜ್ಞೆ ಹೊರಟಿತು. ಇರುವವಳು ಇವಳೊಬ್ಬಳೇ ಎಂದು ಊರವರು ಕೂಗಾಡಿದರು, ಅಮಲ್ದಾರನ ಆಳುಗಳು ಆಜ್ಞೆ ತೋರಿಸಿ ಅವಳನ್ನು ಗಾಡಿ ಹತ್ತಿಸಿಕೊಂಡು ಹೋದರು.

ಆ ವಾರವೇ ಚಿತ್ರಗಾರನ ಮಗಳಿಗೆ ನೋವು ಶುರುವಾಯಿತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಗು ಹೊಟ್ಟೆಯಲ್ಲಿ ಅಡ್ಡವಾಗಿತ್ತು. ಚಿತ್ರಗಾರ ಪಟ್ಟಣಕ್ಕೆ ಓಡಿ ಅಮಲ್ದಾರನ ಕಾಲಿಗೆ ಬಿದ್ದ.

"ಸ್ವಾಮೀ, ನಮ್ಮ ಸೂಲಗಿತ್ತಿಯನ್ನು ವಾಪಸು ಕಳಿಸಿಕೊಡಿ."

"ನಾನು ಕಳಿಸಿದ್ದು ಒಬ್ಬಳನ್ನಲ್ಲವೇನಯ್ಯಾ? ಉಳಿದಿಬ್ಬರಲ್ಲಿ ಒಬ್ಬಳನ್ನು ಕರೆಸಿಕೋ, ಹೋಗು" ಎಂದ ಅಮಲ್ದಾರ.

ಚಿತ್ರದ ಮೂವರೂ ಒಬ್ಬಳೇ ಎಂದು ಚಿತ್ರಗಾರ ಒಪ್ಪಿಕೊಂಡ. ಗಾಡಿ ಹೋಗಿ ಸೂಲಗಿತ್ತಿಯನ್ನು ಕರೆತರುವಷ್ಟರಲ್ಲಿ ಎರಡು ದಿನವಾಗಿತ್ತು. ಮಗಳು ಉಳಿದಳು. ಮಗು ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲ ಅಳುಕುತ್ತ, "ಹಾಗಾದರೆ ಬಾವಿಯನ್ನು ಒಂದೇ ಕಡೆ ಬರೆಯುತ್ತೇನೆ, ಗೋಜಲಾದರೆ ಆಗಲಿ" ಎಂದ.

ಗುರುಗಳೆಂದರು: "ಹತ್ತು ಕಡೆ ಬೇಕಾದರೂ ಬರೆ. ಆದರೆ ಅದು ಒಂದೇ ಎಂದು ನಿನಗೆ ಗೊತ್ತಿರುವುದು ದೊಡ್ಡದಲ್ಲ, ನಿನ್ನ ಹಾಳೆಗೆ ಗೊತ್ತಿದೆಯೇ?"