ಜೊತೆಗೆ ಹೋಗುವವು

ಚಂದ್ರಾಮ ಹೊರಡಲು ಅಪ್ಪಣೆ ಕೇಳಿದ.

ಹೊಳೆ ದಂಡೆಯ ಆಶ್ರಮದಲ್ಲಿ ಅವನಿಗೆ ಅದು ಮೂರನೆಯ ವರ್ಷ. ಗುರು ಸಂಗಯ್ಯಜ್ಜ ಮರದ ಕೆಳಗೆ ಕೂತು ಬೇವಿನ ಕಡ್ಡಿ ಜಗಿಯುತ್ತಿದ್ದರು.

“ಎಲ್ಲಿಗೆ?”

“ಹೊಳೆಯ ಮೇಲುಗಡೆ ಒಂದು ಗವಿ ಇದೆಯಂತೆ, ಅಜ್ಜಾರೇ. ಒಬ್ಬನೇ ಇರುತ್ತೇನೆ. ನನಗೆ ಯಾರೂ ಬೇಡ, ಯಾರಿಗೂ ನಾನು ಬೇಡ. ಮುಕ್ತಿ ಎಂದರೆ ಅದೇ ಅಲ್ಲವೇ?”

“ಹೊಟ್ಟೆಗೆ?”

“ಗಿಡದಲ್ಲಿ ಹಣ್ಣು ಇರುತ್ತವೆ.”

“ಹಾಗಾದರೆ ಗಿಡ ಬೇಕಾಯಿತು.”

ಚಂದ್ರಾಮ ತಲೆ ತಗ್ಗಿಸಿದ. “ಇಲ್ಲಿ ನನ್ನಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ, ಅಜ್ಜಾರೇ.”

ಅಜ್ಜಾರು ಕಡ್ಡಿ ಉಗುಳಿದರು. “ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಹೊಸದು ಮಾಡಿಟ್ಟು ಹೋಗು.”

ಆಶ್ರಮದಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಕಣ್ಣು ಕಾಣದ ಮಕ್ಕಳಿಗೆ ಪಾಠದ ಪುಸ್ತಕಗಳನ್ನು ಅದು ಬ್ರೈಲ್ ಚುಕ್ಕಿಗಳಾಗಿ ಮಾಡಿ ಪ್ರಿಂಟರಿಗೆ ಕಳಿಸುತ್ತಿತ್ತು. ಸೋಮವಾರ ಹನ್ನೊಂದು ಮಕ್ಕಳಿಗೆ ವಿಜ್ಞಾನದ ಪರೀಕ್ಷೆ. ಕೊನೆಯ ಪಾಠ ಇನ್ನೂ ಅಚ್ಚಾಗಬೇಕಿತ್ತು. ಶಾಲೆಯ ಗಾಡಿ ಮಧ್ಯಾಹ್ನ ಬರುತ್ತಿತ್ತು.

ಪ್ರೋಗ್ರಾಂಗಳನ್ನು ತರುವುದು, ತೆಗೆಯುವುದು, ಹೊಸದು ಮಾಡುವುದು, ಎಲ್ಲವನ್ನೂ ಪ್ಯಾಕೇಜ್ ಮ್ಯಾನೇಜರ್ ನೋಡಿಕೊಳ್ಳುತ್ತದೆ. ಚಂದ್ರಾಮ ಅದಕ್ಕೆ ಆಜ್ಞೆ ಕೊಟ್ಟ. ಅರ್ಧಕ್ಕೆ ನಿಂತಿತು. ಯಾವುದೋ ಒಂದು ಚಿಕ್ಕ ಪ್ಯಾಕೇಜು, ಎಂದರೆ ಪ್ರೋಗ್ರಾಮಿನ ಒಂದು ತುಣುಕು, ಹೊಸದರ ಜೊತೆ ಹೊಂದುವುದಿಲ್ಲ ಎಂದಿತು.

ಒಂಬತ್ತು ವರ್ಷ ಹಳೆಯದು. ಅದರ ಹೆಸರನ್ನೇ ಅವನು ಕೇಳಿರಲಿಲ್ಲ.

ತೆಗೆದುಹಾಕು ಎಂದ. ಪರದೆಯ ಮೇಲೆ ಏನೇನೋ ಸಾಲುಗಳು ಬಂದವು. ಕೊನೆಗೆ ಒಂದು ಪ್ರಶ್ನೆ: ಮುಂದುವರಿಯಲೇ?

ಅವನ ಮನಸ್ಸು ಆಗಲೇ ಗವಿಯಲ್ಲಿತ್ತು. ಹೌದು ಎಂದು ಒತ್ತಿದ.

ಚೀಲ ಕಟ್ಟುತ್ತಿದ್ದಾಗ ಸಿದ್ದವ್ವನ ಕೂಗು ಕೇಳಿಸಿತು. ಸಿದ್ದವ್ವ ಹುಟ್ಟುಕುರುಡಿ. ಅಚ್ಚಾದ ಪ್ರತಿ ಹಾಳೆಯನ್ನೂ ಬೆರಳಿನಿಂದ ಓದಿ ತಪ್ಪು ಹಿಡಿಯುವವಳು ಅವಳೇ. ಅವಳು ಗಟ್ಟಿಯಾಗಿ ಓದಬೇಕು, ಚಂದ್ರಾಮ ಮೂಲ ಪುಸ್ತಕ ಹಿಡಿದು ಅಕ್ಷರ ಅಕ್ಷರ ತಾಳೆ ನೋಡಬೇಕು. ಮೂರು ವರ್ಷದಿಂದ ಹಾಗೆಯೇ ನಡೆದಿತ್ತು.

“ಏ ಚಂದ್ರಾಮ, ಹಾಳೆ ಬೋಳಾಗಿ ಬರುತ್ತಿದೆಯಲ್ಲೋ! ಮುದುಕಿಗೆ ಕಣ್ಣಿಲ್ಲ, ತಿಳಿಯುವುದಿಲ್ಲ ಅಂದುಕೊಂಡೆಯಾ?”

ಓಡಿ ಬಂದು ನೋಡಿದ. ಚುಕ್ಕಿ ಮಾಡುವ ಪ್ರೋಗ್ರಾಂ ಇರಲಿಲ್ಲ. ಇದ್ದ ಗುರುತೂ ಇರಲಿಲ್ಲ.

ಅಜ್ಜಾರು ಬಾಗಿಲಲ್ಲಿ ನಿಂತಿದ್ದರು.

“ಬ್ರೈಲ್ ಪ್ರೋಗ್ರಾಮನ್ನು ನಾನು ಮುಟ್ಟಲೇ ಇಲ್ಲ, ಅಜ್ಜಾರೇ! ತೆಗೆದದ್ದು ಬೇರೆ ಯಾವುದನ್ನೋ. ಯಾರಿಗೂ ಬೇಡದ್ದು.”

“ತೆಗೆಯುವಾಗ ಅದು ಏನು ಕೇಳಿತು?”

“ಮುಂದುವರಿಯಲೇ ಅಂತ.”

“ಅದಕ್ಕಿಂತ ಮೊದಲು?”

“ಓದಲಿಲ್ಲ.”

ಅಜ್ಜಾರು ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. “ಅದು ಮಾಡಿದ್ದನ್ನೆಲ್ಲ ಬರೆದಿಡುತ್ತದೆ. ಆ ಬರಹ ತೆರೆ. ಗಟ್ಟಿಯಾಗಿ ಓದು.”

ಚಂದ್ರಾಮ ಓದಿದ. ಚಿಕ್ಕದು ಹೋಗುತ್ತದೆ. ಅದನ್ನು ನೆಚ್ಚಿಕೊಂಡಿರುವ ಕನ್ನಡ ಅಕ್ಷರಗಳ ಪಟ್ಟಿ ಹೋಗುತ್ತದೆ. ಆ ಪಟ್ಟಿಯನ್ನು ನೆಚ್ಚಿಕೊಂಡಿರುವ ಬ್ರೈಲ್ ಪ್ರೋಗ್ರಾಂ ಹೋಗುತ್ತದೆ. ಮುಂದುವರಿಯಲೇ?

“ಮೊದಲೇ ಹೇಳಿತ್ತು,” ಎಂದ ಚಂದ್ರಾಮ.

“ಪಾಪ, ಒಳ್ಳೆಯ ಯಂತ್ರ,” ಎಂದಳು ಸಿದ್ದವ್ವ.

“ಬ್ರೈಲ್ ಪ್ರೋಗ್ರಾಂ ಬೇಕು ಎನ್ನು,” ಎಂದರು ಅಜ್ಜಾರು.

“ಅದೊಂದೇ ಸಾಕೇ? ಉಳಿದವು?”

“ತನಗೇನು ಬೇಕು ಅಂತ ಅದೇ ಹೇಳುತ್ತದೆ.”

ಹಾಗೆಯೇ ಆಯಿತು. ಬ್ರೈಲ್ ಪ್ರೋಗ್ರಾಂ ಅಕ್ಷರಗಳ ಪಟ್ಟಿ ಬೇಕೆಂದಿತು. ಪಟ್ಟಿ ಆ ಚಿಕ್ಕ ಪ್ಯಾಕೇಜು ಬೇಕೆಂದಿತು. ಹಿಂದೆ ಯಾವಾಗಲೋ ತಂದಿದ್ದ ಪ್ರತಿಗಳನ್ನು ಕಂಪ್ಯೂಟರು ಎಸೆಯದೆ ಇಟ್ಟುಕೊಂಡಿತ್ತು. ಮುಂದುವರಿಯಲೇ ಎಂದು ಕೇಳಿತು. ಚಂದ್ರಾಮ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎರಡು ಸಲ ಓದಿ, ಆಮೇಲೆ ಹೌದು ಎಂದು ಒತ್ತಿದ.

ಎಲ್ಲಕ್ಕಿಂತ ಮೊದಲು ಆ ಚಿಕ್ಕದು ಬಂದು ಕೂತಿತು. ಅದರ ಮೇಲೆ ಪಟ್ಟಿ. ಪಟ್ಟಿಯ ಮೇಲೆ ಬ್ರೈಲ್.

ಪ್ರಿಂಟರು ಟಕಟಕ ಸದ್ದು ಮಾಡಿತು. ಸಿದ್ದವ್ವ ಮೊದಲ ಹಾಳೆಯನ್ನು ಕಿತ್ತುಕೊಂಡು ಬೆರಳು ಓಡಿಸಿದಳು.

“ಬಂತು. ಪುಸ್ತಕ ಹಿಡಿ, ಚಂದ್ರಾಮ.”

ಅವಳು ಓದಿದಳು, ಅವನು ತಾಳೆ ನೋಡಿದ. ಒಂದು ಕಡೆ ಒತ್ತಕ್ಷರ ತಪ್ಪಿತ್ತು, ತಿದ್ದಿದರು. ಗಾಡಿ ಬರುವಷ್ಟರಲ್ಲಿ ಹನ್ನೊಂದು ಕಟ್ಟು ಸಿದ್ಧವಾಗಿದ್ದವು. ಗಾಡಿ ಹೋದ ಮೇಲೆ ಚಂದ್ರಾಮ ನೆಲದ ಮೇಲೆ ಕೂತುಬಿಟ್ಟ. ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದ. ನಗು ಬಂತು.

“ಇನ್ನು ಹೊಸದು ಮಾಡುವುದೇ ಬೇಡವೇ, ಅಜ್ಜಾರೇ? ಹಳೆಯದರಲ್ಲೇ ಇರೋಣವೇ?”

“ಹಾಗೆಂದೆನೇ? ಆ ಚಿಕ್ಕದನ್ನು ಮುಟ್ಟಬೇಡ ಎಂದು ಯಂತ್ರಕ್ಕೆ ಹೇಳಿ, ಉಳಿದದ್ದನ್ನು ಮಾಡು.”

ಮಾಡಿದ. ಬಹಳಷ್ಟು ಹೊಸದಾಯಿತು. ಎರಡು ಪ್ರೋಗ್ರಾಂಗಳು ಆ ಚಿಕ್ಕದಕ್ಕಾಗಿ ಹಳೆಯವಾಗಿಯೇ ಉಳಿದವು.

ಬಿಸಿಲು ಇಳಿದಿತ್ತು. ಚಂದ್ರಾಮ ಚೀಲ ಹೆಗಲಿಗೇರಿಸಿಕೊಂಡು ಮರದ ಕೆಳಗೆ ಬಂದು ನಿಂತ.

“ಹೇಳಿದ ಕೆಲಸ ಆಯಿತು, ಅಜ್ಜಾರೇ. ಹೋಗಲೇ?”

ಅಜ್ಜಾರು ಕಣ್ಣು ಮುಚ್ಚಿದರು.

“ಚಂದ್ರಾಮ ಹೋಗುತ್ತಾನೆ. ಜೊತೆಗೆ ಸಿದ್ದವ್ವನ ಓದು ಹೋಗುತ್ತದೆ. ಓದಿನ ಜೊತೆಗೆ ತಪ್ಪಿಲ್ಲದ ಪುಸ್ತಕ ಹೋಗುತ್ತದೆ. ಅವಳ ಕಾಟಕ್ಕೆ ನನ್ನ ಮಧ್ಯಾಹ್ನದ ನಿದ್ದೆ ಹೋಗುತ್ತದೆ. ಮುಂದುವರಿಯಲೇ?”